ಮಧ್ಯಯುಗದ ಕ್ರೈಸ್ತ ತತ್ತ್ವಶಾಸ್ತ್ರ: ಹಾಸನದ ನೆಲದಲ್ಲಿ ನಿಂತು ಓದುವುದು ಹೇಗೆ?

ಹಾಸನದ ಬಳಿಯ ಶೆಟ್ಟಿಹಳ್ಳಿಯಲ್ಲಿ, ಗೊರೂರು ಅಣೆಕಟ್ಟಿನ ಹಿನ್ನೀರಿನ ನಡುವೆ, ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ ರೋಸರಿ ಚರ್ಚಿನ ಅವಶೇಷಗಳಿವೆ. ಮಳೆಗಾಲದಲ್ಲಿ ನೀರಿಗಿಳಿದು ಬೇಸಿಗೆಯಲ್ಲಿ ತಲೆಯೆತ್ತುವ ಆ ಗೋಡೆಗಳನ್ನು ನೋಡಲು ಕರಾವಳಿಯಿಂದಲೂ ಜನ ಹೋಗುತ್ತಾರೆ, ಫೋಟೊ ತೆಗೆದುಕೊಂಡು ಬರುತ್ತಾರೆ. ಅದರ ಗೋಥಿಕ್ ಶೈಲಿ ಹುಟ್ಟಿದ್ದು ಹನ್ನೆರಡನೆಯ ಶತಮಾನದ ಫ್ರಾನ್ಸಿನಲ್ಲಿ. ಅದೇ ಕಾಲದಲ್ಲಿ ಅದೇ ದೇಶದ ಶಾಲೆಗಳಲ್ಲಿ ಬೆಳೆದ ವಿಚಾರವೂ ನಮ್ಮ ಧರ್ಮಸಭೆಗೆ ಪರಂಪರೆಯಾಗಿ ಬಂದಿದೆ. ಆದರೆ ಅದರ ಫೋಟೊ ತೆಗೆಯಲು ಬರುವುದಿಲ್ಲ. ಹಾಗಾಗಿ ಅದು ಸೆಮಿನರಿಯ ಗೋಡೆಗಳೊಳಗೇ ಉಳಿದಿದೆ.

ಗುರುಗಳಾಗಲು ಹೊರಟ ಯುವಕರು ಬೈಬಲ್ ಮತ್ತು ದೈವಶಾಸ್ತ್ರದ ಜೊತೆಗೆ ತತ್ತ್ವಶಾಸ್ತ್ರವನ್ನೂ ಓದಲೇಬೇಕು. 1983ರ ಧರ್ಮಸಭೆಯ ಕಾನೂನಿನ ಪ್ರಕಾರ ಇವೆರಡರ ಅಧ್ಯಯನ ಕನಿಷ್ಠ ಆರು ಪೂರ್ಣ ವರ್ಷ, ಅದರಲ್ಲಿ ಎರಡು ಪೂರ್ಣ ವರ್ಷ ತತ್ತ್ವಶಾಸ್ತ್ರಕ್ಕೆ. "ಎಂಟುನೂರು ವರ್ಷ ಹಿಂದಿನ ವಾದಗಳನ್ನು ಓದಿ ಏನಾಗಬೇಕು?" ಎಂದು ಮನೆಯವರು ಕೇಳುವುದುಂಟು. ಈ ಪ್ರಶ್ನೆ ಧರ್ಮೋಪದೇಶ ಕಲಿಸುವ ನಮ್ಮ ಶಿಕ್ಷಕ ಶಿಕ್ಷಕಿಯರಿಗೂ ಸೇರಿದ್ದು. ಅದಕ್ಕಾಗಿಯೇ ಈ ಲೇಖನ.

ಮೊದಲು ಕಾಲದ ಅಂದಾಜು ಮಾಡಿಕೊಳ್ಳೋಣ. ಆರನೆಯ ಶತಮಾನದ ಆರಂಭದಲ್ಲಿ ಸೆರೆಮನೆಯಲ್ಲಿ ಕುಳಿತು ಬರೆದ ಬೊಯೆಥಿಯಸ್‌ನಿಂದ ಹಿಡಿದು, ಸಂತ ಆನ್ಸೆಲ್ಮ್ (1033-1109), ಆಬೆಲಾರ್ಡ್ (1079-1142), ಸಂತ ಬೊನವೆಂತೂರ ಮತ್ತು ಸಂತ ತೋಮಸ್ ಅಕ್ವಿನಾಸ್ (ಇಬ್ಬರೂ ತೀರಿಕೊಂಡದ್ದು 1274ರಲ್ಲಿ), ಆಮೇಲೆ ಡನ್ಸ್ ಸ್ಕೋಟಸ್, ಓಕಮ್. ಸುಮಾರು ಎಂಟುನೂರು ವರ್ಷ. ಹೆಸರುಗಳ ಪಟ್ಟಿ ಇಷ್ಟು ಸಾಕು. ನೆನಪಿಡಬೇಕಾದ ಮುಖ್ಯ ಸಂಗತಿ ಬೇರೆ. ಗ್ರೀಕ್ ಜ್ಞಾನಿ ಅರಿಸ್ಟಾಟಲ್‌ನ ಬಹುಪಾಲು ಗ್ರಂಥಗಳು ಪಶ್ಚಿಮ ಯೂರೋಪಿಗೆ ಮತ್ತೆ ಸಿಕ್ಕಿದ್ದು ಹನ್ನೆರಡು, ಹದಿಮೂರನೆಯ ಶತಮಾನಗಳಲ್ಲಿ, ಕೆಲವು ಗ್ರೀಕ್‌ನಿಂದ, ಕೆಲವು ಅರಬ್ಬಿಯಿಂದ. ಜೊತೆಗೆ ಮುಸ್ಲಿಂ ಪಂಡಿತರಾದ ಇಬ್ನ್ ಸೀನಾ, ಇಬ್ನ್ ರುಶ್ದ್ ಮತ್ತು ಯಹೂದಿ ಪಂಡಿತ ಮೈಮೊನಿದಿಸ್ ಅವರ ಕೃತಿಗಳೂ ಬಂದವು. ತೋಮಸರು ಅರಿಸ್ಟಾಟಲ್‌ನನ್ನು ‘ತತ್ತ್ವಜ್ಞಾನಿ’ ಎಂದೂ ಇಬ್ನ್ ರುಶ್ದ್‌ರನ್ನು ‘ವ್ಯಾಖ್ಯಾನಕಾರ’ ಎಂದೂ ಹೆಸರೇ ಬೇಕಿಲ್ಲದಂತೆ ಕರೆಯುತ್ತಾರೆ. ನೆರೆಧರ್ಮದವರ ಪುಸ್ತಕವನ್ನು ಇಷ್ಟು ಎಚ್ಚರದಿಂದ ಓದಿದ ಸಂತರು ನಮಗಿದ್ದಾರೆ ಎಂಬುದನ್ನು ಈಗಿನ ದಿನಗಳಲ್ಲಿ ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕಾಗಿದೆ.

ಆಗ ಹಾಸನ ಸೀಮೆಯಲ್ಲಿ ಏನು ನಡೆದಿತ್ತು? ಆಬೆಲಾರ್ಡ್ ಬದುಕಿದ್ದಾಗಲೇ, 1117ರಲ್ಲಿ, ಬೇಲೂರಿನಲ್ಲಿ ವಿಷ್ಣುವರ್ಧನನ ದೇಗುಲ ಪ್ರತಿಷ್ಠೆಯಾಯಿತು. ತೋಮಸರು ಎರಡನೆಯ ಬಾರಿ ಪ್ಯಾರಿಸ್ಸಿನಲ್ಲಿ ಪಾಠ ಹೇಳುತ್ತಿದ್ದಾಗ (1268-72) ಹೊಯ್ಸಳ ಮೂರನೆಯ ನರಸಿಂಹನ ಆಳ್ವಿಕೆ. ಘಟ್ಟದ ಕೆಳಗೆ ಉಡುಪಿಯಲ್ಲಿ ಮಧ್ವಾಚಾರ್ಯರು ಇದ್ದದ್ದೂ ಅದೇ ಶತಮಾನದಲ್ಲಿ. ಇನ್ನು ಚನ್ನರಾಯಪಟ್ಟಣ ತಾಲೂಕಿನ ಶ್ರವಣಬೆಳಗೊಳ. ಅಲ್ಲಿ ಐನೂರಕ್ಕೂ ಹೆಚ್ಚು ಶಾಸನಗಳಿವೆ. ಚಂದ್ರಗಿರಿಯ ಪಾರ್ಶ್ವನಾಥ ಬಸದಿಯಲ್ಲಿರುವ 1129ರ ‘ಮಲ್ಲಿಷೇಣ ಪ್ರಶಸ್ತಿ’ ಸಲ್ಲೇಖನದಿಂದ ದೇಹ ಬಿಟ್ಟ ಮುನಿಯೊಬ್ಬರ ಸ್ಮಾರಕ. ಅದರಲ್ಲಿ ಸಮಂತಭದ್ರ, ಅಕಲಂಕ ಮೊದಲಾದ ಜೈನ ಆಚಾರ್ಯರು ಯಾರ್ಯಾರ ಜೊತೆ ವಾದ ಮಾಡಿ ಗೆದ್ದರೆಂಬ ಪರಂಪರೆಯೇ ಇದೆ. ಅಂದರೆ ಪ್ಯಾರಿಸ್ಸಿನಲ್ಲಿ ವಾದಸಭೆಗಳು ಕಾವೇರುತ್ತಿದ್ದ ಕಾಲದಲ್ಲಿ ಇಲ್ಲಿಯೂ ವಾದ ಮಾಡಿ ಗೆಲ್ಲುವುದು ಕಲ್ಲಿನಲ್ಲಿ ಕೊರೆಸುವಷ್ಟು ಗೌರವದ ವಿಷಯವಾಗಿತ್ತು. ಅವರಿಗೆ ಇವರು ಗೊತ್ತಿರಲಿಲ್ಲ, ಇವರಿಗೆ ಅವರು ಗೊತ್ತಿರಲಿಲ್ಲ. ಎಲ್ಲರೂ ಒಂದೇ ಹೇಳಿದರು ಎಂದು ಬೆಸುಗೆ ಹಾಕಲು ಹೋಗಬಾರದು. ವಾದಿಸುವ ಪದ್ಧತಿಯಲ್ಲಿ ಮಾತ್ರ ನಿಜವಾದ ಹೋಲಿಕೆಯಿದೆ.

ತೋಮಸರ ‘ಸುಮ್ಮಾ ಥಿಯೊಲೊಜಿಯೇ’ಯ ಯಾವುದೇ ಒಂದು ಅಧಿಕರಣವನ್ನು ತೆಗೆದುಕೊಳ್ಳಿ. ಮೊದಲು ಪ್ರಶ್ನೆ. ಆಮೇಲೆ ಎದುರಾಳಿಯ ವಾದಗಳು, ಒಂದಾದ ಮೇಲೊಂದು. ಅನಂತರ ‘ಆದರೆ ಇದಕ್ಕೆ ವಿರುದ್ಧವಾಗಿ’ ಎಂದು ಒಂದು ಪ್ರಮಾಣವಾಕ್ಯ. ಆಮೇಲೆ ತೋಮಸರ ಸ್ವಂತ ಉತ್ತರ. ಕೊನೆಗೆ ಮೊದಲ ವಾದಗಳಿಗೆ ಒಂದೊಂದಾಗಿ ಸಮಾಧಾನ. ನಮ್ಮ ನಾಡಿನ ಶಾಸ್ತ್ರಪಾಠದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಸಿದ್ಧಾಂತ ಎನ್ನುತ್ತಾರಲ್ಲ, ಹತ್ತಿರ ಹತ್ತಿರ ಅದೇ ಅಚ್ಚು. ‘ದೇವರಿದ್ದಾನೆಯೇ?’ ಎಂಬ ಪ್ರಸಿದ್ಧ ಭಾಗದಲ್ಲಿ ಪೂರ್ವಪಕ್ಷ ಎರಡು. ದೇವರು ಅನಂತ ಒಳ್ಳೆಯತನವಾದರೆ ಲೋಕದಲ್ಲಿ ಕೆಡುಕು ಇರಬಾರದಿತ್ತು, ಆದರೆ ಇದೆ. ಎರಡನೆಯದು, ಪ್ರಕೃತಿ ಮತ್ತು ಮನುಷ್ಯನ ಬುದ್ಧಿ, ಇಚ್ಛೆಗಳಿಂದಲೇ ಎಲ್ಲವನ್ನೂ ವಿವರಿಸಬಹುದು, ದೇವರ ಅಗತ್ಯವಿಲ್ಲ. ಇಂದು ಕಾಲೇಜಿಗೆ ಹೋಗುವ ನಮ್ಮ ಮಕ್ಕಳು ಕೇಳುವ ಪ್ರಶ್ನೆಗಳು ಇವೇ ಅಲ್ಲವೇ? ತೋಮಸರು ಅವನ್ನು ಗದರಿಸಿ ಕೂರಿಸಲಿಲ್ಲ. ಪುಟದ ಮೇಲ್ಭಾಗದಲ್ಲೇ ಬರೆದುಕೊಂಡು ಆಮೇಲೆ ವಿಮೋಚನಕಾಂಡದ ಮೂರನೆಯ ಅಧ್ಯಾಯಕ್ಕೂ ತಮ್ಮ ಐದು ದಾರಿಗಳಿಗೂ ಬಂದರು.

ಇಲ್ಲೊಂದು ಅಪಾಯವಿದೆ. ಪುಸ್ತಕ ತೆರೆದೊಡನೆ ಸಿಗುವ ಸಾಲು ತೋಮಸರದ್ದಲ್ಲ, ಎದುರಾಳಿಯದ್ದು. ಪೂರ್ವಪಕ್ಷವನ್ನೇ ತೋಮಸರ ಅಭಿಪ್ರಾಯವೆಂದು ಎತ್ತಿ ಹೇಳಿದರೆ ಅರ್ಥ ತಲೆಕೆಳಗಾಗುತ್ತದೆ.

ಇತಿಹಾಸವಾಗಿ ಓದುವುದು ಏಕೆ ಬೇಕು ಎಂಬುದು ಇಲ್ಲಿಂದ ತಿಳಿಯುತ್ತದೆ. 1879ರ ಆಗಸ್ಟ್ 4ರಂದು ಪೋಪ್ ಹದಿಮೂರನೆಯ ಲಿಯೊ ‘ಏತೆರ್ನಿ ಪಾತ್ರಿಸ್’ ಎಂಬ ವಿಶ್ವಪತ್ರದ ಮೂಲಕ ತೋಮಸರ ಚಿಂತನೆಗೆ ಮರುಜೀವ ಕೊಡಲು ಕರೆಯಿತ್ತರು. ಮಂಗಳೂರಿಗೆ ಯೇಸುಸಭೆಯ ಗುರುಗಳು ಬಂದದ್ದು 1878ರ ಡಿಸೆಂಬರ್ 31ರಂದು. ಈಗ ಜೆಪ್ಪುವಿನಲ್ಲಿರುವ ಸಂತ ಜೋಸೆಫರ ಸೆಮಿನರಿ ಆರಂಭವಾದದ್ದು ಅದೇ 1879ರಲ್ಲಿ. ಲಿಯೊ ಅವರ ಕರೆಯ ಫಲವಾಗಿ ಲೋಕದಾದ್ಯಂತ ಸೆಮಿನರಿಗಳಿಗೆ ಲತೀನ್ ಕೈಪಿಡಿಗಳು ಬಂದವು. 1914ರಲ್ಲಿ ರೋಮಿನ ಇಲಾಖೆ ತೋಮಸರ ಬೋಧನೆಯನ್ನು 24 ಪ್ರಮೇಯಗಳಾಗಿ ಇಳಿಸಿ ಒಪ್ಪಿಗೆಯಿತ್ತಿತು. ಕಂಠಪಾಠಕ್ಕೆ ಅನುಕೂಲವಾಯಿತು, ನಿಜ. ಆದರೆ ಉತ್ತರ ಉಳಿದು ಪ್ರಶ್ನೆ ಕೇಳಿದವನು ಕಾಣೆಯಾದ.

ಫ್ರೆಂಚ್ ವಿದ್ವಾಂಸ ಎತಿಯೆನ್ ಜಿಲ್ಸನ್ (1884-1978) ಇದನ್ನು ಸರಿಪಡಿಸಲು ಜೀವನವನ್ನೇ ಮುಡಿಪಿಟ್ಟರು. 1929ರಲ್ಲಿ ಕೆನಡಾದ ಟೊರೊಂಟೊದಲ್ಲಿ ಮಧ್ಯಯುಗದ ಅಧ್ಯಯನಕ್ಕಾಗಿ ಸಂಸ್ಥೆ ಕಟ್ಟಿದರು. ತೋಮಸರ ಮಾತಿಗೂ, ಅವರ ಮೇಲೆ ಇನ್ನೂರು ವರ್ಷಗಳ ನಂತರ ವ್ಯಾಖ್ಯಾನ ಬರೆದ ಕಾರ್ಡಿನಲ್ ಕಜೆತಾನ್ ಅಂಥವರ ಮಾತಿಗೂ ವ್ಯತ್ಯಾಸವಿದೆ, ‘ಇರುವಿಕೆ’ಯ ಬಗ್ಗೆ ತೋಮಸರು ಹೇಳಿದ್ದನ್ನು ವ್ಯಾಖ್ಯಾನಕಾರರು ಮಸುಕು ಮಾಡಿದರು ಎಂದು ಅವರು ವಾದಿಸಿದರು.

ಅದೇ 1929ರಲ್ಲಿ ಪ್ರಕಟವಾದ ಇನ್ನೊಂದು ಪುಸ್ತಕದ ಹೆಸರು ‘ಮೂಲಾವಿದ್ಯಾನಿರಾಸ’. ಬರೆದವರು ವೈ. ಸುಬ್ಬರಾಯರು, ಮುಂದೆ ಸಂನ್ಯಾಸ ಪಡೆದು ಹೊಳೆನರಸೀಪುರದಲ್ಲಿ ನೆಲೆಸಿದ ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು (1880-1975). ಶಂಕರಾಚಾರ್ಯರ ಭಾಷ್ಯದಲ್ಲಿ ಇಲ್ಲದ ‘ಮೂಲಾವಿದ್ಯೆ’ಯನ್ನು ನಂತರದ ವ್ಯಾಖ್ಯಾನಕಾರರು ತಂದು ಸೇರಿಸಿದರು ಎಂಬುದು ಅವರ ವಾದ. ಪಂಡಿತರು ವಿರೋಧಿಸಿದರು, ಅವರು ಬಿಡಲಿಲ್ಲ. ಭಾಷ್ಯಗಳನ್ನು ಕನ್ನಡಕ್ಕೆ ತಂದರು. ಅವರು ಸ್ಥಾಪಿಸಿದ ಅಧ್ಯಾತ್ಮ ಪ್ರಕಾಶ ಕಾರ್ಯಾಲಯ ಹೊಳೆನರಸೀಪುರದಿಂದ ಅವನ್ನು ಅಚ್ಚು ಹಾಕಿಸಿತು. ಟೊರೊಂಟೊದ ಪ್ರಾಧ್ಯಾಪಕರೂ ಹೊಳೆನರಸೀಪುರದ ಸ್ವಾಮಿಗಳೂ ಹಿಡಿದ ದಾರಿ ಒಂದೇ: ಆಚಾರ್ಯರು ಏನು ಹೇಳಿದರೆಂದು ತಿಳಿಯಲು ಆಚಾರ್ಯರನ್ನೇ ಓದು. ನಮ್ಮ ಬ್ರದರ್‌ಗಳಿಗೆ ಜಿಲ್ಸನ್ ವಿಧಾನವನ್ನು ವಿವರಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ ಎಂದು ನಮ್ಮ ಅನಿಸಿಕೆ.

ಇನ್ನು ಭಾಷೆಯ ತೊಡಕು. ಪ್ರಥಮ ಪರಮಪ್ರಸಾದಕ್ಕೆ ಸಿದ್ಧರಾಗುವ ಮಕ್ಕಳಿಗೆ ರೊಟ್ಟಿ ಮತ್ತು ದ್ರಾಕ್ಷಾರಸದ ‘ಸಬ್‌ಸ್ಟೆನ್ಸ್’ ಬದಲಾಗುತ್ತದೆ, ಬಣ್ಣ ರುಚಿ ಉಳಿಯುತ್ತವೆ ಎಂದು ಹೇಳಬೇಕು. ಬದಲಾವಣೆಯ ಈ ಪದ 1215ರ ನಾಲ್ಕನೆಯ ಲ್ಯಾಟರನ್ ಮಹಾಸಭೆಯಲ್ಲಿ ಬಳಕೆಯಾಯಿತು. ಕನ್ನಡದಲ್ಲಿ ಏನೆನ್ನೋಣ? ‘ವಸ್ತು’ ಎಂದರೆ ಅಂಗಡಿಯ ಸಾಮಾನು. ‘ಸಾರ’ ಎಂದರೆ ಹಿಂಡಿ ತೆಗೆದದ್ದು. ‘ದ್ರವ್ಯ’ ಶಾಸ್ತ್ರದ ಪದ, ಆದರೆ ಜೈನ ದರ್ಶನದಲ್ಲಿ ಅದು ಮೊದಲೇ ನೆಲೆ ನಿಂತಿದೆ: ಗುಣ ಮತ್ತು ಪರ್ಯಾಯಗಳುಳ್ಳದ್ದು ದ್ರವ್ಯ, ಗುಣವನ್ನು ಬಿಟ್ಟು ದ್ರವ್ಯವಿಲ್ಲ, ದ್ರವ್ಯವನ್ನು ಬಿಟ್ಟು ಗುಣವಿಲ್ಲ. ಪರಮಪ್ರಸಾದದಲ್ಲಿ ರೊಟ್ಟಿಯ ಗುಣಗಳು ತಮ್ಮ ಆಧಾರವಿಲ್ಲದೆ ದೇವರ ಶಕ್ತಿಯಿಂದ ನಿಲ್ಲುತ್ತವೆ ಎನ್ನುತ್ತಾರೆ ತೋಮಸರು. ಚನ್ನರಾಯಪಟ್ಟಣದ ಜೈನ ಗೆಳೆಯ "ಅದು ಹೇಗೆ ಸಾಧ್ಯ?" ಎಂದರೆ ಆತ ಹಟ ಮಾಡುತ್ತಿಲ್ಲ, ಸರಿಯಾದ ಪ್ರಶ್ನೆಯನ್ನೇ ಕೇಳುತ್ತಿದ್ದಾನೆ. ತೋಮಸರೂ ಅದನ್ನು ತಮ್ಮ ಪೂರ್ವಪಕ್ಷದಲ್ಲಿ ಎತ್ತಿಕೊಂಡಿದ್ದಾರೆ. "ಲ್ಯಾಬಿನಲ್ಲಿ ಪರೀಕ್ಷೆ ಮಾಡಿದರೆ ಏನು ಕಾಣುತ್ತದೆ?" ಎಂದು ಮಗು ಕೇಳಿದರೆ, ಕಾಣುವುದು ರೊಟ್ಟಿಯೇ ಎಂದು ಧೈರ್ಯವಾಗಿ ಹೇಳಬಹುದು. ಉಪಕರಣ ಅಳೆಯುವುದೆಲ್ಲ ಮಧ್ಯಯುಗದವರು ‘ಗುಣ’ದ ಕಡೆಗೆ ಸೇರಿಸಿದ್ದೇ. ಉತ್ತರ ಗೊತ್ತಿಲ್ಲದೆ ಮಗುವನ್ನು ಸುಮ್ಮನಾಗಿಸಿದರೆ, ಹದಿನೆಂಟರ ವಯಸ್ಸಿಗೆ ಅದು ಚರ್ಚಿನ ಮೆಟ್ಟಿಲು ಹತ್ತುವುದನ್ನೂ ನಿಲ್ಲಿಸೀತು.

ಈ ಚಿಂತಕರು ಅಂದು ಎಲ್ಲರ ಮೆಚ್ಚುಗೆಯಲ್ಲಿದ್ದರು ಎಂದುಕೊಳ್ಳಬೇಡಿ. 1277ರ ಮಾರ್ಚ್ 7ರಂದು, ತೋಮಸರು ತೀರಿಕೊಂಡ ಸರಿಯಾಗಿ ಮೂರು ವರ್ಷಕ್ಕೆ, ಪ್ಯಾರಿಸ್ಸಿನ ಬಿಷಪ್ 219 ಪ್ರತಿಪಾದನೆಗಳನ್ನು ಖಂಡಿಸಿದರು. ಅವುಗಳಲ್ಲಿ ಕೆಲವು ತೋಮಸರ ಬೋಧನೆಗೂ ತಗಲುತ್ತಿದ್ದವು. 1323ರಲ್ಲಿ ಅವರನ್ನು ಸಂತರೆಂದು ಘೋಷಿಸಿದ ಮೇಲೆ, 1325ರಲ್ಲಿ, ಅವರಿಗೆ ಸಂಬಂಧಿಸಿದಷ್ಟು ಮಟ್ಟಿಗೆ ಖಂಡನೆಯನ್ನು ಹಿಂತೆಗೆದುಕೊಳ್ಳಲಾಯಿತು. ಕೈಪಿಡಿ ಮಾತ್ರ ಓದಿದವರಿಗೆ ಈ ಸಂಗತಿ ಗೊತ್ತಾಗುವುದೇ ಇಲ್ಲ.

ಹಾಸನ ಜಿಲ್ಲೆಯ ಧರ್ಮಕೇಂದ್ರಗಳು 1963ರಲ್ಲಿ ರಚನೆಯಾದ ಚಿಕ್ಕಮಗಳೂರು ಧರ್ಮಪ್ರಾಂತ್ಯಕ್ಕೆ ಸೇರಿವೆ. ಕರಾವಳಿಯಿಂದ ಘಟ್ಟ ಹತ್ತಿದ ಅನೇಕ ಕುಟುಂಬಗಳೂ ಅಲ್ಲಿವೆ. ಅಲ್ಲಿ ಓದು ಶುರು ಮಾಡಬೇಕೆನ್ನುವವರು ದಪ್ಪ ಇತಿಹಾಸಗ್ರಂಥ ಹುಡುಕಬೇಕಿಲ್ಲ. ಸುಮ್ಮಾದ ಒಂದೇ ಅಧಿಕರಣ ಸಾಕು, ಎರಡು ಮೂರು ಪುಟ ಇರುತ್ತದೆ, ಇಂಗ್ಲಿಷ್ ಅನುವಾದ ಅಂತರ್ಜಾಲದಲ್ಲಿ ಉಚಿತ. ತಿಂಗಳಿಗೊಮ್ಮೆ ಬಲಿಪೂಜೆಯ ನಂತರ ನಾಲ್ಕು ಜನ ಕೂತು, ಒಬ್ಬರು ಪೂರ್ವಪಕ್ಷವನ್ನು, ಇನ್ನೊಬ್ಬರು ಉತ್ತರವನ್ನು ಕನ್ನಡದಲ್ಲಿ ಹೇಳಲಿ. ಅರಕಲಗೂಡು ತಾಲೂಕಿನ ರುದ್ರಪಟ್ಟಣದ ಸಂಗೀತಗಾರರು ಪಾಠವನ್ನು ಬಾಯಿಂದ ಬಾಯಿಗೆ ದಾಟಿಸಿದವರು. ಹದಿಮೂರನೆಯ ಶತಮಾನದ ಪ್ಯಾರಿಸ್ಸಿನಲ್ಲೂ ಓದು ಎಂದರೆ ಗಟ್ಟಿಯಾಗಿ ಓದಿ ವಾದಿಸುವುದೇ ಆಗಿತ್ತು. ಪೂರ್ವಪಕ್ಷ ಹೇಳುವವರು ಅದನ್ನು ನಿಜವಾಗಿ ನಂಬಿದವರಂತೆ ಹೇಳಬೇಕು, ಇದೊಂದು ನಿಯಮ. ಮೊದಲ ಸಲಕ್ಕೆ ಮೊದಲ ಭಾಗದ ಎರಡನೆಯ ಪ್ರಶ್ನೆ, ಮೂರನೆಯ ಅಧಿಕರಣ ಒಳ್ಳೆಯದು.