ಐದನೆಯ ದಿನದ ರಕ್ತ

ಮೂರ್ನಾಲ್ಕು ವಾರದ ಮರಿಗಳು ಮೇವು ಬಿಟ್ಟು, ರೆಕ್ಕೆ ಇಳಿಬಿಟ್ಟು, ಮೂಲೆಯಲ್ಲಿ ಒತ್ತೊತ್ತಾಗಿ ನಿಲ್ಲುತ್ತವೆ. ಹಿಕ್ಕೆ ಕೆಂಪಾಗುತ್ತದೆ. ಯಾದಗಿರಿ ಸೀಮೆಯಲ್ಲಿ ಗಿರಿರಾಜ ಅಥವಾ ಬ್ರಾಯ್ಲರ್ ಮರಿ ತಂದು ಸಾಕುವವರು ಮಳೆಗಾಲದಲ್ಲಿ ಅಂಜುವುದು ಈ ರಕ್ತಭೇದಿಗೆ. ಕರುಳಿನ ರೋಗ ಎಂದೊಡನೆ ಜಂತುಹುಳದ ಔಷಧ ಕುಡಿಸಿದರೆ ಏನೂ ಆಗದು, ಏಕೆಂದರೆ ಇಲ್ಲಿ ಹುಳವೇ ಇಲ್ಲ. ಇರುವುದು ಐಮೇರಿಯಾ ಟೆನೆಲ್ಲಾ ಎಂಬ ಏಕಕೋಶಿ, ಮಲೇರಿಯಾ ಪರಾವಲಂಬಿಯ ದೂರದ ಬಂಧು. ಹುಳ ಕರುಳಿನ ಟೊಳ್ಳಿನಲ್ಲಿ ಬದುಕಿದರೆ, ಇದು ಕರುಳಿನ ಜೀವಕೋಶದ ಒಳಗೇ ಬದುಕುತ್ತದೆ.

ರೋಗಿ ಕೋಳಿಯ ಹಿಕ್ಕೆಯಲ್ಲಿ ಹೊರಬೀಳುವ ಇದರ ತತ್ತಿಗೆ ಊಸಿಸ್ಟ್ ಎಂದು ಹೆಸರು. ಗಾತ್ರ ಒಂದು ಮಿಲಿಮೀಟರಿನ 50ರಲ್ಲಿ ಒಂದು ಪಾಲು. ಬಿದ್ದ ಕ್ಷಣದಲ್ಲಿ ಅದು ನಿರಪಾಯಕಾರಿ. ತೇವ, ಗಾಳಿ, 25ರಿಂದ 30 ಡಿಗ್ರಿ ಬಿಸಿ ಸಿಕ್ಕರೆ ಒಂದೆರಡು ದಿನದಲ್ಲಿ ಅದರೊಳಗೆ ಎಂಟು ಎಳೆಯ ಪರಾವಲಂಬಿಗಳು ತಯಾರಾಗುತ್ತವೆ. ನಾರಾಯಣಪುರ ಎಡದಂಡೆ ಕಾಲುವೆ ಸುರಪುರ, ಶಹಾಪುರಗಳ ಒಣಭೂಮಿಗೆ ಭತ್ತ ತಂದಿತು. ಭತ್ತದ ಹೊಟ್ಟು ಕೋಳಿಮನೆಯ ನೆಲಹಾಸಿಗೆ ಹೇಳಿ ಮಾಡಿಸಿದ ವಸ್ತು. ಒಣಗಿದ್ದಷ್ಟು ದಿನ ಅದು ಮರಿಗಳನ್ನು ಕಾಯುತ್ತದೆ; ನೀರಿನ ಬಟ್ಟಲ ಸುತ್ತ ನೆನೆದು ಮುದ್ದೆಯಾದರೆ ಅದೇ ಊಸಿಸ್ಟ್ ಹಣ್ಣಾಗುವ ಜಾಗ. ಇಲ್ಲಿನ ಮೇ ತಿಂಗಳ ಉರಿಬಿಸಿಲಿಗೆ ಒಣ ಹೊಟ್ಟಿನಲ್ಲಿದ್ದ ಊಸಿಸ್ಟ್ ಬತ್ತಿ ಸತ್ತರೂ ಬಟ್ಟಲ ಬುಡದಲ್ಲಿದ್ದದ್ದು ಉಳಿದುಕೊಳ್ಳುತ್ತದೆ.

ಮರಿ ಕೆದಕಿ ತಿಂದ ಊಸಿಸ್ಟಿನ ಚಿಪ್ಪನ್ನು, ಕಾಳು ಅರೆಯುವ ಗಟ್ಟಿ ಸ್ನಾಯುವಿನ ಹೊಟ್ಟೆ ಒಡೆಯುತ್ತದೆ. ಮುಂದೆ ಪಿತ್ತರಸ ಮತ್ತು ಟ್ರಿಪ್ಸಿನ್ ಸೇರಿ ಒಳಗಿನ ಎಂಟನ್ನೂ ಬಿಡಿಸುತ್ತವೆ. ಕೋಳಿಯ ಜೀರ್ಣಶಕ್ತಿಯೇ ಅದರ ವೈರಿಗೆ ಬಾಗಿಲು ತೆರೆಯುವುದು ನನ್ನನ್ನು ಬಹಳ ಕಾಡಿದ ಸಂಗತಿ.

ಟೆನೆಲ್ಲಾ ನೆಲೆಸುವುದು ಸಣ್ಣಕರುಳು ಮುಗಿಯುವಲ್ಲಿರುವ ಎರಡು ಕುರುಡುಕರುಳುಗಳಲ್ಲಿ. ಅದು ಕೋಶದ ಗೋಡೆಯನ್ನು ಹರಿದು ನುಗ್ಗುವುದಿಲ್ಲ. ಚೂಪಾದ ತುದಿಯಿಂದ ಪ್ರೋಟೀನುಗಳನ್ನು ಸ್ರವಿಸಿ ಪೊರೆಗೆ ಅಂಟಿಕೊಳ್ಳುತ್ತದೆ, ಆ ಪೊರೆಯನ್ನೇ ಒಳಕ್ಕೆ ಮಡಚಿಕೊಂಡು ಜಾರುತ್ತದೆ. ಹೀಗೆ ಉಂಟಾದ ಚೀಲದೊಳಗೆ ಕುಳಿತು ಕೋಶದ ಆಹಾರವನ್ನು ಹೀರುತ್ತದೆ. ಸೋಂಕು ತಗುಲಿದ ಕೋಶ ಸಾಮಾನ್ಯವಾಗಿ ತನ್ನನ್ನು ತಾನೇ ಕೊಂದುಕೊಂಡು ಪಕ್ಕದವುಗಳನ್ನು ಉಳಿಸುತ್ತದೆ. ಈ ಪರಾವಲಂಬಿ ಆ ಆತ್ಮನಾಶವನ್ನು ತಡೆಹಿಡಿಯುತ್ತದೆ. ತನ್ನ ಸಂತಾನ ಬಲಿಯುವ ತನಕ ಕೋಶ ಸಾಯಬಾರದು. ಬಲಿತ ಮೇಲೆ ಸತ್ತೇ ತೀರಬೇಕು.

ಮೂರನೆಯ ದಿನದ ಹೊತ್ತಿಗೆ ಮೊದಲ ತಲೆಮಾರು ಕೋಶ ಒಡೆದು ಹೊರಬರುತ್ತದೆ, ಒಂದೊಂದರಿಂದ ಸುಮಾರು 900 ಮರಿಜೀವಿಗಳು. ಪ್ರತಿಯೊಂದೂ ಹೊಸ ಕೋಶ ಹುಡುಕುತ್ತದೆ. ಈ ಎರಡನೆಯ ತಲೆಮಾರಿನಲ್ಲೇ ನಿಜವಾದ ಅನಾಹುತ. ಸೋಂಕಿತ ಕೋಶಗಳು ಉಬ್ಬಿ, ಒಳಗೋಡೆಯ ಮೇಲ್ಪದರ ಬಿಟ್ಟು ಕೆಳಗಿನ ಅಂಗಾಂಶಕ್ಕೆ, ರಕ್ತನಾಳಗಳಿರುವ ಆಳಕ್ಕೆ ಇಳಿಯುತ್ತವೆ. ಅಲ್ಲಿ ಅವು ಸಿಡಿದಾಗ ನಾಳಗಳೂ ಹರಿಯುತ್ತವೆ. ಆದ್ದರಿಂದಲೇ ರಕ್ತ ಕಾಣುವುದು ಐದನೆಯ ದಿನದ ಆಸುಪಾಸಿನಲ್ಲಿ. ಸತ್ತ ಮರಿಯನ್ನು ಪಶುವೈದ್ಯರು ಕೊಯ್ದು ನೋಡಿದರೆ ಕುರುಡುಕರುಳುಗಳೆರಡೂ ಊದಿ, ಹೆಪ್ಪುಗಟ್ಟಿದ ರಕ್ತದಿಂದ ತುಂಬಿರುತ್ತವೆ. ಮೇಲ್ಪದರ ಕಿತ್ತುಹೋದ ಕರುಳಿನಲ್ಲಿ ಕ್ಲಾಸ್ಟ್ರಿಡಿಯಂನಂಥ ಬ್ಯಾಕ್ಟೀರಿಯಗಳಿಗೂ ದಾರಿ ಸಲೀಸು.

ಬದುಕುಳಿದ ಮರಿ ಆರೇಳನೆಯ ದಿನದಿಂದ ಹೊಸ ಊಸಿಸ್ಟ್‌ಗಳನ್ನು ಹೊರಹಾಕುತ್ತದೆ. ಅಂದರೆ ರಕ್ತ ಕಂಡು ಔಷಧಕ್ಕೆ ಓಡುವ ಹೊತ್ತಿಗೆ ಆ ಮರಿಯಲ್ಲಿ ರೋಗದ ಕೆಲಸ ಬಹುಪಾಲು ಮುಗಿದಿರುತ್ತದೆ. ಚಿಕಿತ್ಸೆಯಿಂದ ಹೆಚ್ಚು ಲಾಭ ಇನ್ನೂ ಲಕ್ಷಣ ತೋರದ ಜೊತೆಗಾರ ಮರಿಗಳಿಗೆ. ಫಿನಾಯಿಲ್ ಚಿಮುಕಿಸುವುದನ್ನು ನಂಬಿ ಕೂರಬಾರದು. ಊಸಿಸ್ಟಿನ ಚಿಪ್ಪು ಸಾಮಾನ್ಯ ಸೋಂಕುನಾಶಕಗಳಿಗೆ ಜಗ್ಗದು. ಒಣಗುವಿಕೆ, ಬಿಸಿ, ಅಮೋನಿಯಾಗಳಿಗೆ ಜಗ್ಗುತ್ತದೆ. ಒದ್ದೆ ಹೊಟ್ಟನ್ನು ಅಂದಂದೇ ತೆಗೆದು ಒಣದು ಹಾಕುವುದು ಅಗ್ಗದ ಔಷಧ.

ಓಣಿ, ತಿಪ್ಪೆ, ಹೊಲ ಸುತ್ತುವ ಜವಾರಿ ಕೋಳಿಗೆ ಇಷ್ಟು ಕಾಟವಿಲ್ಲ. ಅದಕ್ಕೆ ಸಿಗುವುದು ಅಲ್ಲೊಂದು ಇಲ್ಲೊಂದು ಊಸಿಸ್ಟ್, ಅಷ್ಟರಿಂದ ರೋಗ ಬಾರದೆ ರೋಗನಿರೋಧಕ ಶಕ್ತಿ ಬೆಳೆಯುತ್ತದೆ. 1952ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಲಸಿಕೆಯೂ ಜೀವಂತ ಊಸಿಸ್ಟ್‌ಗಳ ಅಲ್ಪ ಪ್ರಮಾಣವೇ. ಆದರೆ ಕೋಳಿಗೆ ತಗಲುವ ಐಮೇರಿಯಾ ಜಾತಿಗಳು ಕನಿಷ್ಠ ಏಳು, ಒಂದರ ವಿರುದ್ಧ ಬಂದ ಶಕ್ತಿ ಇನ್ನೊಂದನ್ನು ತಡೆಯದು.

ಈ ರೋಗಕ್ಕೆ ನೀರಿನಲ್ಲಿ ಬೆರೆಸಿ ಕೊಡುವ ಆಂಪ್ರೋಲಿಯಂ ಎಂಬ ಔಷಧ ರಚನೆಯಲ್ಲಿ ಬಿ1 ಜೀವಸತ್ವವನ್ನು ಹೋಲುತ್ತದೆ. ಅದು ಪರಾವಲಂಬಿಗೆ ಬಿ1 ಸಿಗದಂತೆ ಅಡ್ಡ ನಿಂತು ಅದನ್ನು ಸೊರಗಿಸುತ್ತದೆ. ಮರಿಗೆ ಶಕ್ತಿ ಬರಲೆಂದು ಅದೇ ದಿನಗಳಲ್ಲಿ ಬಿ-ಕಾಂಪ್ಲೆಕ್ಸ್ ಟಾನಿಕ್ಕನ್ನೂ ಧಾರಾಳವಾಗಿ ಸುರಿದರೆ ಆ ಬಿ1 ಪರಾವಲಂಬಿಗೂ ಸಿಗುತ್ತದೆ, ಔಷಧದ ಬಲ ಕುಗ್ಗುತ್ತದೆ. ಟಾನಿಕ್ ಕೊಡುವುದಿದ್ದರೆ ಆಂಪ್ರೋಲಿಯಂ ಮುಗಿದ ಮೇಲೆ.