ಹಿಂದೆ ಕೂತವನ ತಾಳ

ಭರತ ಹುಣ್ಣಿಮೆಗೆ ಮೈಲಾರ ಜಾತ್ರೆ ಶುರುವಾಯಿತೆಂದರೆ ನಮ್ಮ ಕಡೆ ಗೋಡೆಗಳಿಗೆ ಪುರುಸೊತ್ತಿಲ್ಲ. ಕೊಟ್ಟೂರು ತೇರು, ಆಮೇಲೆ ಒಂದೊಂದೇ ಊರಿನ ತೇರು, ಗುಗ್ಗಳ, ಕಾರ್ತಿಕಕ್ಕೂ ಮುಂಚೆ ಗಣಪತಿ. ಕೂಡ್ಲಿಗಿಯಿಂದ ಹರಪನಹಳ್ಳಿವರೆಗೆ ಬಸ್ಸಿನಲ್ಲಿ ಹೋದರೆ ರಸಮಂಜರಿ ಪೋಸ್ಟರುಗಳನ್ನು ಓದಿಕೊಂಡೇ ದಾರಿ ಸವೆಸಬಹುದು. ಗಾಯಕಿಯ ಫೋಟೊ ದೊಡ್ಡದು, ಗಾಯಕನದು ಅದಕ್ಕಿಂತ ಸ್ವಲ್ಪ ಸಣ್ಣದು, ಟಿ.ವಿ.ಯಲ್ಲಿ ಬಂದುಹೋದ ಹಾಸ್ಯನಟನದು ಮೂಲೆಯಲ್ಲಿ. ಕೆಳಗೆ ದಾನಿಗಳ ಹೆಸರು. ಎಲ್ಲದರ ನಡುವೆ ಎಲ್ಲೋ ಒಂದು ಸಾಲು: ‘ಮತ್ತು ಸಂಗಡಿಗರು’. ಡ್ರಮ್ಸ್ ಬಾರಿಸುವ ಹುಡುಗ ಇರುವುದು ಆ ಎರಡು ಪದಗಳ ಒಳಗೆ. ನಮ್ಮ ಜಿಲ್ಲೆ ಬಳ್ಳಾರಿ ಹೋಗಿ ವಿಜಯನಗರ ಆಯಿತು, ಹರಪನಹಳ್ಳಿ ನಡುವೆ ದಾವಣಗೆರೆಗೂ ಹೋಗಿ ಬಂತು. ಪೋಸ್ಟರಿನ ಆ ಸಾಲು ಮಾತ್ರ ಬದಲಾಗಿಲ್ಲ.

ಅವನು ಮಾಡುವ ಕೆಲಸ ಏನೆಂದು ಹತ್ತಿರ ನಿಂತು ನೋಡಬೇಕು. ಬಲಗಾಲು ದೊಡ್ಡ ಬೇಸ್ ಡ್ರಮ್ಮಿನ ಪೆಡಲ್ ಮೇಲೆ, ಎಡಗಾಲು ಎರಡು ಕಂಚಿನ ತಟ್ಟೆಗಳನ್ನು ಕೂಡಿಸಿ ಬಿಡಿಸುವ ಹೈ–ಹ್ಯಾಟ್ ಮೇಲೆ. ಬಲಗೈ ಆ ತಟ್ಟೆಯ ಮೇಲೆ ಲೆಕ್ಕ ಇಡುತ್ತಿದ್ದರೆ ಎಡಗೈ ಸ್ನೇರ್ ಮೇಲೆ ಪೆಟ್ಟು ಕೊಡುತ್ತದೆ. ನಾಲ್ಕಕ್ಕೂ ನಾಲ್ಕು ಬೇರೆ ಕೆಲಸ. ಗಾಯಕ ಚರಣ ಮರೆತರೆ ಇವನು ಎರಡು ಆವರ್ತ ಜಾಸ್ತಿ ಬಾರಿಸಿ ದಾರಿ ತೋರಿಸುತ್ತಾನೆ. ಕೇಳುವವರಿಗೆ ಅದೂ ಹಾಡಿನ ಭಾಗ ಅನಿಸುತ್ತದೆ. ಇವನೇ ತಪ್ಪಿದರೆ ಮಾತ್ರ ಮುಚ್ಚಿಡಲು ಯಾರಿಂದಲೂ ಆಗುವುದಿಲ್ಲ.

ಇಷ್ಟೆಲ್ಲ ಒಬ್ಬನೇ ಮಾಡುವುದು ಹಳೆಯ ಪದ್ಧತಿಯಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಮೆರವಣಿಗೆ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ಮಿಗೆ ಒಬ್ಬ, ಸ್ನೇರ್‌ಗೆ ಒಬ್ಬ, ತಾಳಕ್ಕೆ ಇನ್ನೊಬ್ಬ ಇರುತ್ತಿದ್ದರು. ಬ್ಯಾಂಡು ರಸ್ತೆ ಬಿಟ್ಟು ಸಣ್ಣ ವೇದಿಕೆಗೆ ಬಂದಾಗ ಅಷ್ಟು ಜನಕ್ಕೆ ಜಾಗವೂ ಇಲ್ಲ, ಸಂಬಳವೂ ಇಲ್ಲ. 1909ರಲ್ಲಿ ಷಿಕಾಗೊದ ವಿಲಿಯಂ ಲುಡ್ವಿಗ್ ಕಾಲಿನಿಂದ ವೇಗವಾಗಿ ಬಾರಿಸಬಲ್ಲ ಪೆಡಲ್ ತಯಾರಿಸಿ ಮಾರಿದ ಮೇಲೆ ಮೂವರ ಕೆಲಸ ಒಬ್ಬನ ಕೈಕಾಲಿಗೆ ಬಂತು. ರಾಕ್ ಸಂಗೀತದ ಡ್ರಮ್ ಸೆಟ್ ಇದರ ಮೊಮ್ಮಗ. ಅಂದರೆ ನಾವು ಬೆರಗಿನಿಂದ ನೋಡುವ ಆ ಸೆಟ್ಟು ಹುಟ್ಟಿದ್ದೇ ಇಬ್ಬರ ಕೂಲಿ ಉಳಿಸುವ ಲೆಕ್ಕದಲ್ಲಿ.

ನಮ್ಮಲ್ಲಿ ಇನ್ನೂ ಒಬ್ಬರಿಗೆ ಒಂದೇ ವಾದ್ಯ. ವೀರಭದ್ರನ ಗುಗ್ಗಳದಲ್ಲಿ ಪುರವಂತರ ಮುಂದೆ ಸಮಾಳದವರು, ತೇರಿನ ಮುಂದೆ ನಂದಿಕೋಲಿನವರು, ಮೈಲಾರದಲ್ಲಿ ಕಂಬಳಿ ಹೊದ್ದು ಡಮರುಗ ಆಡಿಸುವ ಗೊರವರು, ಡೊಳ್ಳಿನವರು, ಹಲಗೆಯವರು. ಇವರಲ್ಲಿ ಹಲಗೆಯ ಮಾತು ಬೇರೆ. ಹಲಗೆ ಬಾರಿಸುವುದು ಬಹಳ ಕಾಲ ಕಲೆಯಾಗಿರಲಿಲ್ಲ, ಒಂದು ಕೇರಿಯ ಮೇಲೆ ಹೊರಿಸಿದ ಬಿಟ್ಟಿ ಚಾಕರಿಯಾಗಿತ್ತು. ಹಬ್ಬಕ್ಕೂ ಅವರೇ, ಸಾವಿಗೂ ಅವರೇ. ಊಟ ಮಾತ್ರ ದೂರ. ಬೇಡ ಎಂದು ಹಲಗೆ ಕೆಳಗಿಟ್ಟ ಮನೆಗಳು ಇರುವುದು ಅದಕ್ಕೇ. ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಎಷ್ಟೋ ಕೇರಿಗಳಲ್ಲಿ ಆ ಸುದ್ದಿಯನ್ನು ಬೇರೆ ಥರ ಓದಿದ್ದಾರೆ. ಅಂಥ ಮನೆಯ ಹುಡುಗ ಆರ್ಕೆಸ್ಟ್ರಾದಲ್ಲಿ ಡ್ರಮ್ಸ್ ಮುಂದೆ ಕೂತರೆ ಅವನಿಗೆ ಸಿಗುವುದು ಸಂಬಳ ಮಾತ್ರವಲ್ಲ. ವೇದಿಕೆ ಮೇಲೆ ಒಂದು ಕುರ್ಚಿ ಸಿಗುತ್ತದೆ. ಎಲ್ಲರ ಜೊತೆ ಒಂದೇ ಪಂಕ್ತಿಯಲ್ಲಿ ಊಟ ಸಿಗುತ್ತದೆ. ನನ್ನ ಮಟ್ಟಿಗೆ ಇದು ಯಾವ ಪ್ರಶಸ್ತಿಗಿಂತಲೂ ಸಣ್ಣದಲ್ಲ.

ಆ ಕುರ್ಚಿಗೂ ಈಗ ಸಂಚಕಾರ ಬಂದಿದೆ. ಡ್ರಮ್ ಸೆಟ್ ಸಾಗಿಸಲು ಟೆಂಪೊ ಬೇಕು, ಕಟ್ಟಲು ಮುಕ್ಕಾಲು ಗಂಟೆ ಬೇಕು. ರಿದಂ ಪ್ಯಾಡ್ ಆದರೆ ಚೀಲದಲ್ಲಿ ಹಾಕಿ ಬೈಕಿನ ಹಿಂದೆ ಕಟ್ಟಿದರೆ ಮುಗಿಯಿತು. 1985ರಲ್ಲಿ ಜಪಾನಿನ ರೋಲ್ಯಾಂಡ್ ಕಂಪನಿ ಎಂಟು ಚೌಕಗಳ ಆಕ್ಟೋಪ್ಯಾಡ್ ತಂದಿತು. ಅದರ ವಂಶದ ಪೆಟ್ಟಿಗೆಗಳೇ ಇವತ್ತು ನಮ್ಮ ಕಡೆಯ ಎಲ್ಲ ಆರ್ಕೆಸ್ಟ್ರಾಗಳ ಜೀವ. ಒಂದು ಚೌಕದಲ್ಲಿ ಢೋಲಕ್, ಇನ್ನೊಂದರಲ್ಲಿ ತಬಲಾ, ಮತ್ತೊಂದರಲ್ಲಿ ತಮಟೆ. ಮೊದಲು ಮೂವರು ಒಬ್ಬನಾದರು, ಆಮೇಲೆ ತಬಲಾದವನೂ ಢೋಲಕ್‌ನವನೂ ಮನೆಗೆ ಹೋದರು. ಈಗ ಎಷ್ಟೋ ಕಡೆ ಪ್ಯಾಡಿನವನೂ ಬೇಡ; ಲ್ಯಾಪ್‌ಟಾಪಿನಲ್ಲಿ ಟ್ರ್ಯಾಕ್ ಹಾಕಿದರೆ ಗಾಯಕ ಒಬ್ಬನೇ ಸಾಕು.

ಹಾಗೆಂದು ಯಂತ್ರವನ್ನು ಬೈದು ಸುಮ್ಮನಾಗಲು ನನಗೆ ಮನಸ್ಸಿಲ್ಲ. ಕಾರಣ ಇಂಗ್ಲೆಂಡಿನ ರಿಕ್ ಆಲನ್. 1963ರಲ್ಲಿ ಹುಟ್ಟಿದ ಇವನು ಹದಿನೈದನೇ ವಯಸ್ಸಿಗೆ ಡೆಫ್ ಲೆಪರ್ಡ್ ಎಂಬ ರಾಕ್ ಬ್ಯಾಂಡಿನ ಡ್ರಮ್ಮರ್ ಆದ. ಬ್ಯಾಂಡು ಮೇಲೇರುತ್ತಿದ್ದಾಗ, 1984ರ ಡಿಸೆಂಬರ್ 31ರಂದು ಶೆಫೀಲ್ಡ್ ಹತ್ತಿರ ಕಾರು ಉರುಳಿ ಎಡಗೈ ಹೋಯಿತು. ವೈದ್ಯರು ಕೈ ಮತ್ತೆ ಜೋಡಿಸಿದರು, ಸೋಂಕು ತಗುಲಿ ತೆಗೆಯಲೇಬೇಕಾಯಿತು. ಆಸ್ಪತ್ರೆಯ ಮಂಚದ ತುದಿಯಲ್ಲಿದ್ದ ಸ್ಪಂಜಿನ ಮೇಲೆ ಕಾಲು ಬಡಿಯುತ್ತ, ಎಡಗೈ ಮಾಡುತ್ತಿದ್ದುದನ್ನು ಎಡಗಾಲು ಮಾಡಬಹುದಲ್ಲ ಎಂದು ಅವನಿಗೆ ಹೊಳೆಯಿತು. ಪೆಡಲ್ ತುಳಿದರೆ ಸ್ನೇರ್ ಸದ್ದು ಕೊಡುವ ಎಲೆಕ್ಟ್ರಾನಿಕ್ ಸೆಟ್ ತಯಾರಾಯಿತು. ನಮ್ಮ ತಬಲಾದವನನ್ನು ಮನೆಗೆ ಕಳಿಸಿದ್ದೂ ಅದೇ ಜಾತಿಯ ಯಂತ್ರ, ಇವನನ್ನು ವೇದಿಕೆಗೆ ವಾಪಸ್ ಕರೆದದ್ದೂ ಅದೇ. 1986ರ ಆಗಸ್ಟ್‌ನಲ್ಲಿ ಡೋನಿಂಗ್ಟನ್ ಎಂಬಲ್ಲಿ ಭಾರಿ ಜನಸಾಗರದ ಮುಂದೆ ಒಂದು ಕೈ, ಎರಡು ಕಾಲಿನಲ್ಲಿ ಬಾರಿಸಿದ. ಮರುವರ್ಷ ಬಂದ ‘ಹಿಸ್ಟೀರಿಯಾ’ ಆ ಬ್ಯಾಂಡಿನ ಅತಿ ಹೆಚ್ಚು ಮಾರಾಟವಾದ ಆಲ್ಬಂ. ಇವತ್ತಿಗೂ ಅವನೇ ಅಲ್ಲಿನ ಡ್ರಮ್ಮರ್.

ಈ ಕಥೆಯಲ್ಲಿ ಎಲ್ಲರೂ ಅವನ ಛಲವನ್ನು ಹೊಗಳುತ್ತಾರೆ. ನನಗೆ ದೊಡ್ಡದಾಗಿ ಕಾಣುವುದು ಉಳಿದವರು ಕಾದದ್ದು. ಅವರು ಬೇರೆ ಡ್ರಮ್ಮರ್ ಹುಡುಕಲಿಲ್ಲ. ನನ್ನ ಗೆಳೆಯನೊಬ್ಬ, ಪ್ಯಾಡ್ ಬಾರಿಸುವವನು, ರಾತ್ರಿ ಕಾರ್ಯಕ್ರಮ ಮುಗಿಸಿ ಬರುವಾಗ ಬೈಕಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡ. ತಂಡದವರಿಂದ ಒಂದು ಫೋನ್ ಬಂತು: ‘ಪ್ಯಾಡ್ ಯಾರ ಹತ್ರ ಕಳಿಸ್ತಿ?’ ಮರುದಿನ ಅವನ ಪ್ಯಾಡ್ ಹಗರಿಬೊಮ್ಮನಹಳ್ಳಿ ಕಡೆಯ ಒಂದು ಊರಿನಲ್ಲಿ ಬೇರೆಯವನ ಕೈಯಲ್ಲಿತ್ತು. ತಂಡದವರು ಕೆಟ್ಟವರೇನಲ್ಲ. ಮುಂಗಡ ತಗೊಂಡಿದ್ದರು, ಊರವರಿಗೆ ಉತ್ತರ ಹೇಳಬೇಕಿತ್ತು. ಪೋಸ್ಟರಿನಲ್ಲಿ ಅವನ ಹೆಸರೇ ಇಲ್ಲದಿದ್ದ ಮೇಲೆ ಅವನು ಬರಲಿಲ್ಲ ಅಂತ ಕೇಳುವವರಾದರೂ ಯಾರು?

ಕಾಯುವ ಬ್ಯಾಂಡುಗಳು ನಮ್ಮ ರಾಜ್ಯದಲ್ಲಿ ಇಲ್ಲವೆಂದಲ್ಲ. ಬೆಂಗಳೂರಿನ ಥರ್ಮಲ್ ಆ್ಯಂಡ್ ಎ ಕ್ವಾರ್ಟರ್ 1996ರಲ್ಲಿ ಶುರುವಾದ ರಾಕ್ ಬ್ಯಾಂಡ್. ಬೇಸ್ ಗಿಟಾರಿನವರು ಬದಲಾಗಿದ್ದಾರೆ, ಡ್ರಮ್ಸ್‌ನಲ್ಲಿ ಮೊದಲಿನಿಂದಲೂ ರಾಜೀವ್ ರಾಜಗೋಪಾಲ್. ಕಾರ್ಯಕ್ರಮಗಳನ್ನೇ ನಂಬಿ ಕೂರದೆ ಆ ಬ್ಯಾಂಡಿನವರು ಟಾಕಾಡೆಮಿ ಎಂಬ ಸಂಗೀತ ಶಾಲೆ ಕಟ್ಟಿದರು. ಡ್ರಮ್ಮರ್ ಒಬ್ಬ ದಶಕಗಳ ಕಾಲ ಬದುಕಬೇಕೆಂದರೆ ಕಲಿಸುವುದೂ ಒಂದು ದಾರಿ ಎನ್ನುವುದಕ್ಕೆ ಅವರು ಉದಾಹರಣೆ. ನಮ್ಮ ಆರೂ ತಾಲ್ಲೂಕುಗಳಲ್ಲಿ ಡ್ರಮ್ಸ್ ಕಲಿಯಲು ಹೊರಟವನಿಗೆ ಗುರು ಎಂದರೆ ಯೂಟ್ಯೂಬೇ.

ಮೈಸೂರಿನಲ್ಲಿ ಹುಟ್ಟಿದ ಸ್ವರಾತ್ಮ ಬ್ಯಾಂಡಿನ ಡ್ರಮ್ಮರ್ ಆಗಿ ಹೆಸರಾದ ಮಾಂಟ್ರಿ ಮ್ಯಾನ್ಯುಯಲ್ ಇನ್ನೊಂದು ದಾರಿ ಹಿಡಿದರು. ಗುಜರಿ ಸಾಮಾನಿನಿಂದಲೇ ವಾದ್ಯ ಮಾಡುವ ‘ತಾಳವಟ್ಟಂ’ ಅವರದು. ಪ್ಲಾಸ್ಟಿಕ್ ಪೈಪು, ಬಣ್ಣದ ಡಬ್ಬಿ, ಖಾಲಿ ಡ್ರಮ್ಮು ಎಲ್ಲವೂ ಅಲ್ಲಿ ನುಡಿಯುತ್ತವೆ. ಇದನ್ನು ನೋಡಿದ ಮೇಲೆ ಸೆಟ್ ಕೊಳ್ಳಲು ದುಡ್ಡಿಲ್ಲ ಎನ್ನುವ ನೆಪ ನಮ್ಮ ಹುಡುಗರಿಗೆ ಉಳಿದಿಲ್ಲ. ದಪ್ಪ ನೀಲಿ ಪ್ಲಾಸ್ಟಿಕ್ ಡ್ರಮ್ಮು ಇಲ್ಲದ ಮನೆ ಕೂಡ್ಲಿಗಿ, ಕೊಟ್ಟೂರು ಕಡೆ ಹುಡುಕಿದರೂ ಸಿಗುವುದು ಕಷ್ಟ. ಬೋರಲು ಹಾಕಿದರೆ ಅದರ ತಳ ಒಳ್ಳೆಯ ಬೇಸ್ ಕೊಡುತ್ತದೆ, ಅಂಚು ಸ್ನೇರ್‌ನಂತೆ ಗಡುಸಾಗಿ ಕೇಳುತ್ತದೆ. ಕೋಲುಗಳಿಗೆ ಸೈಕಲ್ ಟ್ಯೂಬಿನ ತುಂಡು ಸುತ್ತಿದರೆ ಪಕ್ಕದ ಮನೆಯವರ ಬೈಗುಳವೂ ಅರ್ಧ ಕಡಿಮೆ. ಗೆಳೆಯನ ಕೈ ಕೂಡಿದ ಮೇಲೆ ಅವನು ಮತ್ತೆ ಶುರು ಮಾಡಿದ್ದು ಹಾಗೇ, ಹಿತ್ತಲಲ್ಲಿ, ದಿನಕ್ಕೆ ಎರಡು ಗಂಟೆ. ನಲ್ಲಿಯಲ್ಲಿ ನೀರು ಬಂದ ದಿನ ಮಾತ್ರ ಡ್ರಮ್ಮು ಅವನ ಅಮ್ಮನಿಗೆ ಬೇಕು, ಅಭ್ಯಾಸಕ್ಕೆ ರಜೆ.