ಮುತ್ಯಾನ ಸೈಕಲ್, ಮೊಮ್ಮಗಳ ಅಳತೆಪಟ್ಟಿ

ಮಕ್ಕಳೇ, ಖಾಲಿ ಸೈಕಲನ್ನು ಬಯಲಲ್ಲಿ ಜೋರಾಗಿ ತಳ್ಳಿ ಬಿಟ್ಟಿದ್ದೀರಾ? ಅದು ತಕ್ಷಣ ಬೀಳುವುದಿಲ್ಲ. ಎಡಕ್ಕೆ ವಾಲಿದರೆ ಮುಂದಿನ ಗಾಲಿಯೂ ಎಡಕ್ಕೆ ತಿರುಗಿ ಸೈಕಲನ್ನು ಎತ್ತಿ ಹಿಡಿಯುತ್ತದೆ. ಈ ಗುಟ್ಟಿನ ಒಂದು ಪಾಲು ಮುಂದಿನ ಫೋರ್ಕ್‌ನ ಓರೆಯಲ್ಲಿದೆ.

ಕಲಬುರಗಿಯ ಓಣಿಯ ಮನೆಯಾಗಲಿ, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಮನೆಯಾಗಲಿ, ಶಹಾಬಾದ್ ಕಲ್ಲು ಹಾಸಿದ ಸಮತಟ್ಟು ನೆಲವಿದ್ದರೆ ಅದೇ ನಿಮ್ಮ ಪ್ರಯೋಗಶಾಲೆ. ದಾರ, ನಟ್ಟು, ಸೀಮೆಸುಣ್ಣ, ನೆಟ್ಟನೆಯ ಕೋಲು, ಕೋನಮಾಪಕ, ಅಳತೆಪಟ್ಟಿ ಸಾಕು. ಮುತ್ಯಾ ಸೈಕಲನ್ನು ನೆಟ್ಟಗೆ, ಹ್ಯಾಂಡಲ್ ತಿರುಗದಂತೆ ಹಿಡಿಯಲಿ.

ಮೊದಲು ದಾರದ ತುದಿಗೆ ನಟ್ಟು ಕಟ್ಟಿ ಮುಂದಿನ ಗಾಲಿಯ ಅಚ್ಚಿನಿಂದ ಇಳಿಬಿಡಿ. ಅದು ತೋರಿಸುವ ಜಾಗಕ್ಕೆ ಗುರುತು ಹಾಕಿ. ಟೈರು ನೆಲ ಮುಟ್ಟುವುದು ಅದರ ನೇರಕ್ಕೇ. ಆಮೇಲೆ ಹ್ಯಾಂಡಲ್ ಕೆಳಗಿನ ಓರೆ ಕೊಳವೆಯ ನೇರಕ್ಕೆ, ಪಕ್ಕದಿಂದ ನೋಡುತ್ತ, ಕೋಲು ಹಿಡಿಯಿರಿ. ಕೋಲು ನೆಲ ಮುಟ್ಟಿದಲ್ಲಿ ಇನ್ನೊಂದು ಗುರುತು.

ಎರಡನೆಯ ಗುರುತು ಮುಂದಿದೆ, ಅಲ್ಲವೇ? ನಡುವಿನ ಅಂತರ ಹೆಚ್ಚಿನ ಸೈಕಲ್‌ಗಳಲ್ಲಿ ಸುಮಾರು 4ರಿಂದ 7 ಸೆಂ.ಮೀ. ಕೋಲಿಗೂ ನೆಲಕ್ಕೂ ನಡುವಿನ ಕೋನ ಮುತ್ಯಾನ ಕಾಲದ ದೊಡ್ಡ ಸೈಕಲ್‌ನಲ್ಲಿ 68 ಡಿಗ್ರಿಯ ಆಸುಪಾಸು, ರೇಸ್ ಸೈಕಲ್‌ನಲ್ಲಿ 73ರ ಆಸುಪಾಸು ಇರುತ್ತದೆ. ಗಾಲಿಯ ಕುರ್ಚಿಯನ್ನು ತಳ್ಳಿದಾಗ ಅದರ ಪುಟ್ಟ ಗಾಲಿಗಳು ತಾವಾಗಿಯೇ ಹಿಂದೆ ಸರಿದು ನೇರವಾಗುತ್ತವೆ. ಟೈರು ಹಿಂದೆ ಉಳಿಯುವುದರಿಂದ ಸೈಕಲ್‌ಗೂ ಅಂಥದ್ದೇ ಸಹಾಯ. ಆದರೆ ಅದೊಂದೇ ಕಾರಣವಲ್ಲ. ಈ ಅಂತರವಿಲ್ಲದೆಯೂ, ಗಾಲಿ ತಿರುಗುವ ಬಲವನ್ನು ಕಳೆದು ಹಾಕಿಯೂ, ತಾನೇ ನಿಲ್ಲುವ ಸೈಕಲನ್ನು ವಿಜ್ಞಾನಿಗಳು 2011ರಲ್ಲಿ ಮಾಡಿ ತೋರಿಸಿದರು. ತೂಕ ಎಲ್ಲಿದೆ ಎಂಬುದೂ ಮುಖ್ಯ.

ಅಜ್ಜ ಅಜ್ಜಿಯರೇ, ಈ ಆಟದಲ್ಲೊಂದು ಎಚ್ಚರವೂ ಇದೆ. ನಮ್ಮ ರಾಜ್ಯದಲ್ಲಿ 2006–07ರಿಂದ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಹಂಚಿತು. ಅಕ್ಕನ ಸೈಕಲ್ ತಮ್ಮನಿಗೆ ಬಂದ ಮನೆಗಳು ಎಷ್ಟೋ. ತಗ್ಗಿಗೋ ಕಲ್ಲಿಗೋ ಎದುರಿನಿಂದ ಬಡಿದ ಸೈಕಲ್‌ನ ಫೋರ್ಕ್ ಹಿಂದಕ್ಕೆ ಬಾಗುತ್ತದೆ. ಮೊದಲು 6 ಸೆಂ.ಮೀ. ಇದ್ದದ್ದು ಈಗ 9 ಆಗಿದ್ದರೆ ಅನುಮಾನಿಸಿ. ತಿರುವಿನಲ್ಲಿ ಮೊದಲಿಲ್ಲದಂತೆ ಕಾಲ್ಬೆರಳು ಟೈರಿಗೆ ತಾಗುತ್ತಿದೆಯೇ, ಫೋರ್ಕ್‌ನ ಮೇಲ್ತುದಿಯಲ್ಲಿ ಬಣ್ಣ ಸುಕ್ಕುಗಟ್ಟಿದೆಯೇ, ಬಿರುಕಿದೆಯೇ ನೋಡಿ. ಇದ್ದರೆ ಬಡಿದು ನೆಟ್ಟಗೆ ಮಾಡಿಸಬೇಡಿ. ಬಾಗಿಸಿದ ಲೋಹ ಸೋತಿರುತ್ತದೆ, ಓಡುವಾಗಲೇ ಮುರಿಯಬಹುದು. ಹೊಸ ಫೋರ್ಕ್ ಹಾಕಿಸುವವರೆಗೆ ಮಗು ನಡೆದೇ ಶಾಲೆಗೆ ಹೋಗಲಿ.

ಸೈಕಲ್ ಚೆನ್ನಾಗಿರುವಾಗಲೇ ಅಳೆದು, ಅಂಕಿಯನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಬಿದ್ದ ದಿನ ಹೋಲಿಸಿ ನೋಡಲು ಅದು ಬೇಕಾಗುತ್ತದೆ.